ದರ ಕೇಳಿದಾಗಲೇ ಕಡಿಯುವ ಕರೆ

ಜಿಲ್ಲೆಗೆ 5ಜಿ ಇನ್ನೂ ಹೊಸದಾಗಿದ್ದ ವರ್ಷ, ನಾನು ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯ ಮೊಬೈಲ್ ಟವರ್‌ಗಳ ಸಿಗ್ನಲ್ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ಬಂದ ದೂರುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ನೆನಪಿರುವುದನ್ನೂ ಹೇಳುತ್ತ ಹೇಳುತ್ತ ನಾನೇ ತಿದ್ದಿರಬಹುದು. ಚನ್ನಪಟ್ಟಣದ ಗೊಂಬೆ ವ್ಯಾಪಾರಿ ರೇವಣ್ಣನವರ ದೂರನ್ನು ಮಾತ್ರ ತಿದ್ದುವ ಅಗತ್ಯ ಬಿದ್ದಿಲ್ಲ.

“ಮಾತಾಡೋಗಂಟ ಸರಿಯಾಗೇ ಇರ್ತದೆ ಸಾರ್. ರೇಟು ಕೇಳ್ತಿದ್ದಂಗೆ ಕಟ್ಟಾಯ್ತದೆ.”

ಶಾಲೆಗಳಿಗೆ ಗೊಂಬೆ ಪೂರೈಸುವ ಬೆಂಗಳೂರಿನ ಖರೀದಿದಾರರೊಬ್ಬರು ಮೂರು ಸಲ ದರ ಕೇಳಿದ್ದರು. ಮೂರು ಸಲವೂ ಕರೆ ಕಡಿದಿತ್ತು. ರೇವಣ್ಣ ಬೇಕೆಂದೇ ಫೋನ್ ಇಡುತ್ತಾರೆಂದು ಅವರಿಗೆ ಅನುಮಾನ. ಇನ್ನೊಮ್ಮೆ ಹಾಗಾದರೆ ಆರ್ಡರ್ ಬೇರೆಯವರಿಗೆ ಎಂದು ಮೆಸೇಜ್ ಹಾಕಿದ್ದರು. ರೇವಣ್ಣನವರ ಅನುಮಾನ ಎದುರಂಗಡಿಯಲ್ಲಿ ಗೊಂಬೆಯನ್ನೇ ಮಾರುವ ಷಡ್ಡಕ ಪುಟ್ಟರಾಜು ಮೇಲೆ. “ಅವ್ನೇ ಏನೋ ಮಿಷಿನ್ ಮಡಗವ್ನೆ.”

ನಗುವಂತಿರಲಿಲ್ಲ. ಪರವಾನಗಿಯಿಲ್ಲದ ಸಿಗ್ನಲ್ ಬೂಸ್ಟರ್ ಸುತ್ತಲಿನವರ ಕರೆ ಕೆಡಿಸುವುದನ್ನು ನಾನು ಕಂಡಿದ್ದೆ. ನನಗೂ ಅನುಮಾನ ಹತ್ತಿ, ಅಳೆಯುವ ಆಂಟೆನಾ ಹಿಡಿದು ಪುಟ್ಟರಾಜು ಅಂಗಡಿಗೆ ಹೋದೆ. ಏನೂ ಸಿಗಲಿಲ್ಲ.

“ನನ್ ಮೇಲೇ ಹೇಳವ್ನಾ? ಕಟ್ಟಾಗಿರೋದು ಅವ್ನ ಫೋನಲ್ಲ ಸಾರ್, ತಲೆ ಒಳಗಿನ ವೈರು,” ಎಂದರು ಪುಟ್ಟರಾಜು. ಕುರ್ಚಿ ಎಳೆದುಕೊಟ್ಟು, ದನಿ ತಗ್ಗಿಸಿ, “ಅಂದಂಗೆ, ಯಾವ ಪಾರ್ಟಿ ಅದು?” ಎಂದೂ ಕೇಳಿದರು.

ರೇವಣ್ಣನವರ ಅಂಗಡಿಯ ಮುಂಭಾಗದಲ್ಲಿ ಸಿಗ್ನಲ್ ಪೂರ್ತಿ ಇತ್ತು. ಅವರ ಫೋನನ್ನು ನನ್ನ ಲ್ಯಾಪ್‌ಟಾಪ್‌ಗೆ ಉದ್ದನೆಯ ವೈರಿನಲ್ಲಿ ಜೋಡಿಸಿ, ಸಹೋದ್ಯೋಗಿಯಿಂದ ಕರೆ ಮಾಡಿಸಿ ದರ ಕೇಳಿಸಿದೆ. ರೇವಣ್ಣ ಎದುರಂಗಡಿಯತ್ತ ಒಮ್ಮೆ ನೋಡಿದರು, ಎದ್ದರು, ಬಾಯಿಗೆ ಕೈ ಅಡ್ಡ ಹಿಡಿದು ಹಿಂದಿನ ಕಲ್ಲುಗೋಡೆಯ ಕೋಣೆಗೆ ನಡೆದರು. ಕರೆ ಕಡಿಯಿತು.

ಆ ಬೀದಿಗೆ ಸಿಗ್ನಲ್ ಕೊಡುವ ಟವರ್ ಎರಡು ತರಂಗಾಂತರಗಳಲ್ಲಿ ಕೆಲಸ ಮಾಡುತ್ತಿತ್ತು. 2300 ಮೆಗಾಹರ್ಟ್ಸ್ ಹೆಚ್ಚು ಜನರನ್ನು ಹೊರುತ್ತದೆ, ಆದರೆ ದಪ್ಪ ಗೋಡೆ ದಾಟುವಾಗ ಸೋಲುತ್ತದೆ. 850 ಒಳಗೂ ತಲುಪುತ್ತದೆ, ಆದರೆ ಅದು ಕಿರಿದಾದ ದಾರಿ. ಎಲ್ಲರನ್ನೂ ಅಲ್ಲಿಗೆ ಬಿಟ್ಟರೆ ಯಾರಿಗೂ ಸರಿಯಾಗಿ ಕೇಳಿಸದು. ಅದಕ್ಕೇ ಸಿಗ್ನಲ್ ಸಾಕಷ್ಟು ಕುಸಿದ ಮೇಲಷ್ಟೇ ಫೋನನ್ನು 850ಕ್ಕೆ ದಾಟಿಸುತ್ತಿದ್ದೆವು. ಕಲ್ಲುಗೋಡೆಯ ಹಿಂದೆ ಸಿಗ್ನಲ್ ಒಮ್ಮೆಲೇ ಬೀಳುತ್ತಿತ್ತು, ದಾಟುವಷ್ಟರಲ್ಲಿ ಕರೆ ಸತ್ತಿರುತ್ತಿತ್ತು. ಸಿಗ್ನಲ್ ಅಷ್ಟು ಬೀಳುವ ಮೊದಲೇ ಫೋನ್ ದಾಟಲೆಂದು, ಅಂಗಡಿಯ ದಿಕ್ಕಿನ ಆಂಟೆನಾಗೆ ಮಾತ್ರ ದಾಟಿಸುವ ಮಿತಿಯನ್ನು ತುಸು ಮೇಲಕ್ಕೇರಿಸಿದೆವು. 850ರಲ್ಲಿ ನೂಕುನುಗ್ಗಲು ಆಗಲಿಲ್ಲ ಎಂದು ಖಚಿತವಾದ ಮೇಲೆ ಮತ್ತೆ ಹೋದೆ.

ಈ ಸಲ, ಫೋನನ್ನು ಮತ್ತೆ ಲ್ಯಾಪ್‌ಟಾಪ್‌ಗೆ ಜೋಡಿಸಿದ ಮೇಲೆ, ರೇವಣ್ಣ ಖರೀದಿದಾರರಿಗೇ ಕರೆ ಮಾಡಿದರು. ಒಳಗೆ ಹೋದರು, ದರ ಹೇಳಿದರು. ಮರುಕ್ಷಣ ಕರೆ ಕಡಿಯಿತು.

ಹೊರಬಂದು ರೇವಣ್ಣ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಲ್ಯಾಪ್‌ಟಾಪ್ ನೋಡಿ, “ನೆಟ್‌ವರ್ಕ್ ಅಲ್ಲ, ಆ ಕಡೆಯಿಂದ ಅವರೇ ಇಟ್ಟಿದ್ದಾರೆ,” ಎಂದೆ.

“ಕಂಪ್ನಿಯೋರು ಇನ್ನೇನಂದೀರಿ ಬುಡಿ.”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸ್ಪೀಕರಿನಲ್ಲಿ ಖರೀದಿದಾರರ ದನಿ: “ಈಗ ಕಟ್ ಮಾಡಿದ್ದು ನಾನೇ ರೇವಣ್ಣೋರೆ. ಹೇಗನ್ಸುತ್ತೆ ಅಂತ ಗೊತ್ತಾಗ್ಲಿ ಅಂತ. ರೇಟು ಒಪ್ಪಿಗೆ, ಮಾಲು ಕಳಿಸಿ.”

ಅಂದಿನಿಂದ ಯಾರೇ ದೂರು ಕೊಟ್ಟರೂ, ಸಿಗ್ನಲ್ ಎಷ್ಟಿತ್ತು ಎನ್ನುವ ಮೊದಲು, ಮಾತಾಡುತ್ತ ಎತ್ತ ನಡೆದಿರಿ ಎಂದು ಕೇಳುತ್ತೇನೆ. ಜನ ತಮ್ಮ ಗುಟ್ಟಿನ ಕಡೆಗೆ ನಡೆಯುತ್ತಾರೆ, ಸಿಗ್ನಲ್ ಅಲ್ಲಿಯವರೆಗೂ ಹೋಗಬೇಕು.

ಅಂದು ಹೊರಡುವಾಗ, “ನೆಟ್‌ವರ್ಕ್ ಸರಿಹೋಯ್ತು. ಆದ್ರೂ ಇನ್ಮೇಲೆ ಇಲ್ಲೇ ಮುಂದೆ ಕೂತು ರೇಟು ಹೇಳಬಹುದಲ್ಲ?” ಎಂದೆ.

ರೇವಣ್ಣ ಎದುರಂಗಡಿಯತ್ತ ಕಣ್ಣು ಹಾಯಿಸಿದರು. “ನೆಟ್‌ವರ್ಕ್ ಸರಿಹೋಯ್ತು ಸಾರ್. ಷಡ್ಡಕ ಸರಿಹೋಗಿಲ್ವಲ್ಲ.”