ಡುಮ್ಮಿಯ ಮುಖ ತೊಳೆದ ಅತ್ತಿಗೆ

ನಮ್ಮ ಅತ್ತಿಗೆಯ ಸ್ಟುಡಿಯೋಕ್ಕೆ ಯಾರು ಹೇಗೇ ಬರಲಿ, ಫೋಟೋದಲ್ಲಿ ಮಾತ್ರ ಎಲ್ಲರೂ ಚೆಂದ. ಮೊಡವೆ, ಸುಕ್ಕು, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಇವನ್ನೆಲ್ಲ ಮಾಯ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಮೊದಲು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ತಿದ್ದುತ್ತಿದ್ದಳು, ಈಗ ಕಂಪ್ಯೂಟರಿನಲ್ಲಿ. ಅದಕ್ಕೆ ಅವಳಿಟ್ಟ ಹೆಸರು ‘ಮುಖ ತೊಳೆಯುವುದು’. “ಕೂತ್ಕೊಳ್ಳಿ, ಸ್ವಲ್ಪ ಮುಖ ತೊಳೆದು ಕೊಡ್ತೀನಿ” ಎಂದರೆ ಹೊಸಬರು ಎದ್ದು ನಲ್ಲಿ ಎಲ್ಲಿದೆ ಎಂದು ಹುಡುಕುತ್ತಿದ್ದರು.

ನಾನು ಅವಳ ನಾದಿನಿ. ಬೆಳಕಿನ ಛತ್ರಿ ಹಿಡಿಯುವುದು, ಅಳುವ ಮಕ್ಕಳ ಮುಂದೆ ಕೋತಿಯ ಹಾಗೆ ಕುಣಿಯುವುದು ನನ್ನ ಕೆಲಸ. ಐವತ್ತು ದಾಟಿದರೂ ಅವಳ ಬಾಯಲ್ಲಿ ನಾನಿನ್ನೂ “ಏ ಹುಡುಗಿ”. ಒಂದು ದಿನ ಜಗಳವಾಡದಿದ್ದರೆ ನಮ್ಮಿಬ್ಬರಿಗೂ ಊಟ ಸೇರುವುದಿಲ್ಲ.

ಇನ್ನು ನಮ್ಮಣ್ಣ, ಅಂದರೆ ಅವಳ ಗಂಡ. ಮಾತಿನಲ್ಲಿ ಮಹಾ ಜಿಪುಣ. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದ. ವಿಮಾನದ ಮೈ ಹರಿದ ಕಡೆ ತಗಡಿನ ತೇಪೆ ಕೂರಿಸಿ ರಿವೆಟ್ ಮೊಳೆ ಹೊಡೆಯುವ ಕೆಲಸ. ಅವನ ಕೈಯಿಂದ ಅತಿ ಹೆಚ್ಚು ತೇಪೆ ಹಾಕಿಸಿಕೊಂಡದ್ದು ಒಂದು ಸರಕು ವಿಮಾನ. ರೆಕ್ಕೆಗೊಂದರಂತೆ ತಿರುಗುವ ಎರಡು ಪಂಖ, ದುಂಡು ಹೊಟ್ಟೆ. ಸಿಪಾಯಿಗಳಿಟ್ಟ ಹೆಸರು ಡುಮ್ಮಿ. ಯುದ್ಧ ನಡೆದಾಗ ಗಡಿಗೆ ಹಿಟ್ಟಿನ ಮೂಟೆ ಹೊತ್ತು ಹೋಗಿ ಗಾಯಾಳುಗಳನ್ನು ಹೊತ್ತು ತರುತ್ತಿದ್ದಳು. ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಅಣ್ಣನೂ ಜೊತೆಗೇ ಹಾರುತ್ತಿದ್ದ. ಆಮೇಲೆ ಇಬ್ಬರೂ ನಿವೃತ್ತರಾದರು. ಡುಮ್ಮಿ ಊರಾಚೆಯ ವಿಮಾನ ಮ್ಯೂಸಿಯಂನ ಹುಲ್ಲಿನ ಮೇಲೆ ನಿಂತಳು. ಅಣ್ಣ ವಾರಕ್ಕೊಮ್ಮೆ ಬಕೆಟ್ಟು, ಬಟ್ಟೆ ಹಿಡಿದು ಅವಳ ಮೈ ಒರೆಸಲು ಹೊರಡತೊಡಗಿದ. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. “ಸವತಿ ಮನೆಗೆ ಸವಾರಿ ಹೊರಡ್ತಾ?” ಎಂದು ಅತ್ತಿಗೆ ಕಿಚಾಯಿಸಿದರೆ ನಕ್ಕು ಚಪ್ಪಲಿ ಮೆಟ್ಟುತ್ತಿದ್ದ.

ಬಿಸಿಲು ಮಳೆಯಲ್ಲಿ ನಿಂತು ನಿಂತು ಡುಮ್ಮಿ ಸವೆಯುತ್ತಿದ್ದಳು. ತಗಡಿನ ಸಂದುಗಳಲ್ಲಿ ತುಕ್ಕಿನ ಹಾಗೆ ಬಿಳಿ ಪುಡಿ ಏಳುತ್ತಿತ್ತು. ಅಷ್ಟರಲ್ಲಿ ಮ್ಯೂಸಿಯಂನವರು ದೊಡ್ಡ ಶೆಡ್ ಕಟ್ಟಿದರು. ಅದರಲ್ಲಿ ಉಳಿದದ್ದು ಇನ್ನೊಂದೇ ವಿಮಾನಕ್ಕೆ ಜಾಗ. ಡುಮ್ಮಿಯೋ, ಪಕ್ಕದಲ್ಲಿ ನಿಂತಿದ್ದ ಚೂಪುಮೂಗಿನ ಯುದ್ಧವಿಮಾನವೋ? ಯಾವುದು ಹೆಚ್ಚು ಹಾಳಾಗಿದೆಯೋ ಅದಕ್ಕೆ ಸೂರು ಎಂದು ಸಮಿತಿ ಹೇಳಿತು. ಸಮಿತಿಯವರೆಲ್ಲ ದೂರದೂರದ ಊರುಗಳವರು, ಫೋಟೋ ನೋಡಿಯೇ ತೀರ್ಮಾನಿಸುವವರು. ಹಾಗಾಗಿ ಎರಡೂ ವಿಮಾನಗಳ ಫೋಟೋ ತೆಗೆದು ನೇರವಾಗಿ ಅವರಿಗೆ ಕಳಿಸಲು ಮ್ಯೂಸಿಯಂನ ಮೇಲ್ವಿಚಾರಕಿ ಅತ್ತಿಗೆಗೆ ಹೇಳಿದರು.

ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಅವಳಿಗೊಂದು ಸೂರು ಸಿಕ್ಕಿಬಿಟ್ರೆ ಸಾಕು ಕಣೇ” ಎಂದ. ಅವನ ಮಟ್ಟಿಗೆ ಅದು ಭಾಷಣ.

ಮಂಜು ಕವಿದ ಬೆಳಗಿನಲ್ಲಿ ಅತ್ತಿಗೆ, ನಾನು ಇಬ್ಬರೇ ಹೋದೆವು. ಗೇಟು ದಾಟಿದರೆ ಬೇರೆಯದೇ ಲೋಕ. ವಿಮಾನಗಳ ಚಕ್ರವೂ ಕಾಣದು, ನೆಲವೂ ಕಾಣದು. ಎಲ್ಲವೂ ಹಾರಿ ಹಾರಿ ಇಳಿಯುವುದನ್ನೇ ಮರೆತು ಅಲ್ಲೇ ತೇಲುತ್ತಾ ನಿದ್ದೆ ಹೋದ ಹಾಗಿತ್ತು. ರೆಕ್ಕೆಯಿಂದ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಾಯಿಬಡುಕಿಯಾದ ನಾನೂ ಪಿಸುಗುಟ್ಟುತ್ತಿದ್ದೆ. ಅತ್ತಿಗೆ ಡುಮ್ಮಿಯ ಮುಂದೆ ಮಂಡಿಯೂರಿ, “ಸ್ವಲ್ಪ ಗದ್ದ ಎತ್ತಮ್ಮ” ಎಂದದ್ದನ್ನು ಕಿವಿಯಾರೆ ಕೇಳಿದೆ. ಅಲ್ಲಿ ನಗು ಬರಲಿಲ್ಲ. ಎತ್ತಿದರೂ ಎತ್ತಿಯಾಳು ಅನ್ನಿಸಿತು.

ಮನೆಗೆ ಬಂದವಳೇ ಕಂಪ್ಯೂಟರ್ ಮುಂದೆ ಕೂತಳು. ಗಂಡನ ಜೀವದಂಥ ವಿಮಾನ ಅಲ್ಲವೇ, ಹಾಗೇ ಕಳಿಸಲು ಕೈ ಬರಲಿಲ್ಲ. ಒಂದೊಂದೇ ತಗ್ಗು, ಒಂದೊಂದೇ ಕಲೆ, ಬಿಳಿ ಪುಡಿ ಎದ್ದ ಸಂದು, ವಕ್ರ ತೇಪೆ, ಎಲ್ಲವನ್ನೂ ನೀವಿ ನೀವಿ ನುಣುಪು ಮಾಡಿದಳು. ಹೆಚ್ಚು ಹಾಳಾದದ್ದಕ್ಕೇ ಸೂರು ಎಂಬುದು ಆ ಭರದಲ್ಲಿ ಅವಳಿಗೂ ನೆನಪಾಗಲಿಲ್ಲ, ನನಗೂ ಹೊಳೆಯಲಿಲ್ಲ. ಚೂಪುಮೂಗಿಯನ್ನು ಮಾತ್ರ ಇದ್ದ ಹಾಗೇ ಕಳಿಸಿದಳು. ಅದೇನು ನೆಂಟರೇ, ಇಷ್ಟರೇ?

ಮೇಲ್ವಿಚಾರಕಿಯ ಫೋನು ಬಂತು. ಡುಮ್ಮಿ ಗಟ್ಟಿಮುಟ್ಟಾಗಿದ್ದಾಳಂತೆ, ಹೊರಗೇ ಇರಲಿ ಎಂದರಂತೆ ಸಮಿತಿಯವರು. ಶೆಡ್ಡು ಚೂಪುಮೂಗಿಗೆ. ನಾಡಿದ್ದು ಸಮಿತಿ ಸೇರಿ ಸಹಿ ಹಾಕಿದರೆ ಮುಗಿಯಿತು.

ಅಣ್ಣ ಬಂದು ಪರದೆಯ ಮೇಲಿನ ಫೋಟೋವನ್ನು ತುಂಬ ಹೊತ್ತು ನೋಡಿದ.

“ಇದ್ಯಾರು?” ಎಂದ.

“ಡುಮ್ಮಿ ಕಣ್ರೀ” ಎಂದಳು ಅತ್ತಿಗೆ.

“ನನ್ನ ತೇಪೆಗಳೆಲ್ಲಿ?”

ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಏ ಹುಡುಗಿ, ಅವರ ಕೈ ಕೆಲಸಾನೇ ಅಳಿಸಿಬಿಟ್ನಲ್ಲೇ, ಆ ಸೂರನ್ನೂ ಕಿತ್ಕೊಂಡ್ನಲ್ಲೇ” ಎಂದು ಅತ್ತಿಗೆ ಕುರ್ಚಿಯಲ್ಲಿ ಕುಸಿದಳು.

“ಅಳೋದು ಆಮೇಲಿಟ್ಕೋ. ಮೊದ್ಲು ಫೋನ್ ಮಾಡು” ಎಂದು ನಾನು ಗದರಿದೆ.

ಮಾಡಿದಳು. “ಮೇಡಂ, ತಪ್ಪು ನಂದು. ನಾನು ಕಳ್ಸಿದ್ದು ಡುಮ್ಮಿ ಅಲ್ಲ, ನಾನು ತಿದ್ದಿದ ಗೊಂಬೆ. ಇನ್ನೊಂದ್ಸಲ ತೆಗೀತೀನಿ” ಎಂದಳು. ಆ ಪುಣ್ಯಾತ್ಗಿತ್ತಿ ಬಯ್ಯಲಿಲ್ಲ, ನಾಳೆ ಬೆಳಗ್ಗೆಯೇ ಬನ್ನಿ ಎಂದರು.

ಮಾರನೆಯ ದಿನ ಅಣ್ಣನನ್ನೂ ಕರೆದುಕೊಂಡು ಹೋದೆವು. ಮಂಜಿರಲಿಲ್ಲ. ಸೂರ್ಯ ಆಗಷ್ಟೇ ಹುಲ್ಲಿನ ಮಟ್ಟಕ್ಕೆ ಬಂದಿದ್ದ. ಸ್ಟುಡಿಯೋದವರಿಗೆ ಇಂಥ ಓರೆ ಬೆಳಕು ಕಂಡರೆ ಆಗದು. ಕೆನ್ನೆಯ ಸಣ್ಣ ಗುಳಿಯನ್ನೂ ಬಾವಿ ಮಾಡಿ ತೋರಿಸುತ್ತದೆ. ಜೀವಮಾನವಿಡೀ ಅದರಿಂದ ಓಡಿದ ಅತ್ತಿಗೆ ಅವತ್ತು ಅದಕ್ಕಾಗಿಯೇ ಕಾದು ನಿಂತಳು. ಬೆಳಕು ಡುಮ್ಮಿಯ ಹೊಟ್ಟೆಯನ್ನು ಸವರುತ್ತಾ ಬಂದ ಹಾಗೆ ಒಂದೊಂದು ತಗ್ಗೂ, ಒಂದೊಂದು ರಿವೆಟ್ಟೂ ನೆರಳು ಚೆಲ್ಲಿ ಎದ್ದು ಕೂತವು. ಅಣ್ಣ ಬೆರಳಿಟ್ಟಲ್ಲಿ ಅತ್ತಿಗೆ ಕ್ಯಾಮೆರಾ ಇಟ್ಟಳು.

ಬೆರಳಿನ ಜೊತೆ ಅವನ ಬಾಯಿಯೂ ತೆರೆಯಿತು. “ಇದು ಇಳಿಯೋವಾಗ ಕಲ್ಲು ಸಿಡಿದದ್ದು. ಇಲ್ಲಿ ಗುಂಡು ಬಂತು. ಆ ತೂತಿನಿಂದ ಒಂದು ಬಿಸಿಲುಕೋಲು ಒಳಗೆ ಬೀಳ್ತಿತ್ತು. ನಾನು ತಗಡು ಹಿಡ್ಕೊಂಡು ಹೋದೆ. ಅಲ್ಲಿ ಮಲಗಿದ್ದ ಗಾಯಾಳು ಹುಡುಗ, ‘ಅಣ್ಣಾ, ಮುಚ್ಚಬೇಡಿ’ ಅಂದ. ವಿಮಾನ ವಾಲಿದ ಕಡೆ ಆ ಬಿಸಿಲೂ ವಾಲೋದು, ಅವನು ಅಂಗೈ ಹಿಡ್ಕೊಂಡು ಅದರ ಹಿಂದೇನೇ ಹೋಗೋನು. ಇಳಿಯೋವರೆಗೂ ಅದೇ ಆಟ.”

“ಬದುಕಿದ್ನಾ ರೀ?” ಎಂದಳು ಅತ್ತಿಗೆ.

“ಗೊತ್ತಿಲ್ಲ. ಅವನನ್ನ ಇಳಿಸ್ಕೊಂಡು ಹೋದ್ಮೇಲೆ ಮುಚ್ಚಿದೆ.”

“ಇಷ್ಟು ವರ್ಷ ಇದನ್ನೆಲ್ಲ ನಂಗೆ ಹೇಳ್ಲೇ ಇಲ್ಲವಲ್ಲ!”

“ಹೇಳೋದೇನು, ಅವಳ ಮೈಮೇಲೇ ಇತ್ತಲ್ಲ” ಎಂದ.

ಅತ್ತಿಗೆ ಕಣ್ಣೊರೆಸಿಕೊಂಡು ಆ ತೇಪೆಯ ಫೋಟೋ ತೆಗೆದಳು. ನಾನು ಛತ್ರಿ ಬಿಚ್ಚಲೇ ಇಲ್ಲ, ಬೇಕಾಗಲೂ ಇಲ್ಲ.

ಸಮಿತಿಯವರು ಹೊಸ ಫೋಟೋಗಳನ್ನು ನೋಡಿ ಮನಸ್ಸು ಬದಲಾಯಿಸಿದರು. ಟ್ರ್ಯಾಕ್ಟರ್ ಕಟ್ಟಿ ಡುಮ್ಮಿಯನ್ನು ಶೆಡ್ಡಿನೊಳಗೆ ಎಳೆದಾಗ ಅಣ್ಣ ಬಾಲ ಹಿಡಿದು ತಾನೂ ತಳ್ಳಿದ. ಅವನು ತಳ್ಳದಿದ್ದರೆ ಅದೇನು ನಿಂತುಬಿಡುತ್ತಿತ್ತೇ! ಆದರೂ ತಳ್ಳಿದ.

ಮುಂದಿನ ವಾರ ಬಕೆಟ್ಟು, ಬಟ್ಟೆ ಸಮೇತ ಮೂವರೂ ಹೋದೆವು. ಡುಮ್ಮಿಯ ಸುತ್ತ ಹಗ್ಗ ಕಟ್ಟಿದ್ದರು. ಕಾವಲಿನವನು ಸಂಕೋಚದಿಂದ ಹತ್ತಿರ ಬಂದ. “ಯಜಮಾನ್ರೇ, ಒಳಗೆ ಬಂದ್ಮೇಲೆ ಯಾರೂ ಮುಟ್ಟೋ ಹಾಗಿಲ್ಲ. ನೀರೂ ಸೋಕಬಾರದಂತೆ. ತಗಡು ಇನ್ನಷ್ಟು ದಿನ ಬಾಳ್ಲಿ ಅಂತ.”

“ಸರಿ, ಒಳ್ಳೇದಾಯ್ತು. ಬಾಳ್ಲಿ” ಎಂದ ಅಣ್ಣ. ಆದರೆ ಹಗ್ಗದ ಹತ್ತಿರವೇ ನಿಂತ. ಹಿಂಡಿದ ಬಟ್ಟೆ ಕೈಯಲ್ಲೇ ಇತ್ತು.

ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆ ಹೊರಟವಳ ಮೊಣಕೈಯನ್ನು ಅತ್ತಿಗೆ ಹಿಡಿದು ನಿಲ್ಲಿಸಿದಳು. ಕ್ಯಾಮೆರಾ ಆನ್ ಮಾಡಿ, ಗುಂಡು ಬಿದ್ದ ಕಡೆಯ ತೇಪೆಯ ಫೋಟೋ ಹುಡುಕಿ, ಕ್ಯಾಮೆರಾದ ಬೆನ್ನಿನ ಪರದೆ ತುಂಬುವಷ್ಟು ದೊಡ್ಡದು ಮಾಡಿ ಅವನ ಮುಂದೆ ಹಿಡಿದಳು. ಅಣ್ಣ ಅದನ್ನು ನೋಡಿದ. ಆಮೇಲೆ ಒದ್ದೆ ಬಟ್ಟೆಯ ಅಂಚಿನಿಂದ ಆ ಪರದೆಯ ಮೇಲಿನ ತೇಪೆಯನ್ನು ಒರೆಸತೊಡಗಿದ, ರಿವೆಟ್ಟಿನಿಂದ ರಿವೆಟ್ಟಿಗೆ, ನಿಧಾನವಾಗಿ.

ಕ್ಯಾಮೆರಾಕ್ಕೆ ಒದ್ದೆ ಬಟ್ಟೆ ಸೋಕಿಸಿದವರು ಬೇರೆ ಯಾರಾದರೂ ಆಗಿದ್ದರೆ ಅವರ ಕೈ ಮುರಿಯುತ್ತಿದ್ದಳು. ಅತ್ತಿಗೆ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಅವನ ಕಡೆಗೆ ಇನ್ನಷ್ಟು ಚಾಚಿ, ಅವನು ಒರೆಸಿ ಮುಗಿಸುವವರೆಗೂ ಅಲುಗದೆ ನಿಂತಳು.