ಅಜ್ಜನ ಚೀಟಿಯ ಇಂಗ್ಲಿಷ್ ಪದ

ತೆಂಗಿನೆಣ್ಣೆ ಬಿಸಿಯಾಗುವ ವಾಸನೆ ಬಂದರೆ ಈಗಲೂ ನನಗೆ ಬೆಳಂಬಾರದ ನಮ್ಮ ಮನೆಯ ನಡುಕೋಣೆ ನೆನಪಾಗುತ್ತದೆ. ನಿಮ್ಮ ಮನೆಯಲ್ಲೂ ಅಂಥದೊಂದು ಕೋಣೆ ಇದ್ದಿರಬಹುದು. ನಮ್ಮದು ಈಗಿಲ್ಲ, ಅಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಕಾಲಿನ ಬಲ ಹೋಗಿ ಅಜ್ಜ ಆ ಕೋಣೆಯಲ್ಲಿ ಎರಡು ಮಳೆಗಾಲ ಮಲಗಿದ್ದ. ಅಜ್ಜಿ ದಿನವೂ ಬೆಳಿಗ್ಗೆ ಅವನ ಮೈ ಒರೆಸಿ, ಬೆಚ್ಚಗಿನ ಎಣ್ಣೆ ತಿಕ್ಕಿ, ಮತ್ತೆ ಮತ್ತೆ ಮಗ್ಗುಲು ಬದಲಿಸುತ್ತಿದ್ದಳು. ಅವನು ತೀರಿಕೊಂಡಾಗ ಬೆನ್ನ ಮೇಲೆ ಒಂದೇ ಒಂದು ಹುಣ್ಣಿರಲಿಲ್ಲ. ಹದಿಮೂರು ದಿನವೂ ಅಜ್ಜಿ ಅಳಲಿಲ್ಲ; ಅಳುತ್ತ ಬಂದವರನ್ನು ತಾನೇ ಸಮಾಧಾನ ಮಾಡಿ ಕಳಿಸಿದಳು.

ಮರಣ ದಾಖಲೆಗೆಂದು ಅಂಕೋಲೆಯ ಡಾಕ್ಟರರು ಬರೆದ ಚೀಟಿಯನ್ನು ಅಪ್ಪ ತಂದಿಟ್ಟಿದ್ದ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ಏಳನೇ ಇಯತ್ತೆಯ ನಾನೊಬ್ಬಳೇ.

“ಅವ್ರು ಎಂತಾ ಆಗಿ ಹೋದ್ರು ಅಂತ ಬರದಾರೆ, ಮಗಾ? ಓದು,” ಎಂದಳು ಅಜ್ಜಿ.

“ಸಿನೈಲ್ ಡಿಕೇ” ಎಂದು ಓದಿದೆ. ಮೊದಲ ಪದ ಗೊತ್ತಿರಲಿಲ್ಲ. ಎರಡನೆಯದು ಇಂಗ್ಲಿಷ್ ಪುಸ್ತಕದಲ್ಲಿ ಗೊಬ್ಬರದ ಗುಂಡಿಯ ಪಾಠದಲ್ಲಿತ್ತು. ಗೊತ್ತಿದೆಯೆಂಬ ಹೆಮ್ಮೆಯಲ್ಲಿ, “ಡಿಕೇ ಅಂದ್ರೆ ಕೊಳೆಯೂದು ಅಜ್ಜೀ” ಎಂದೆ.

ಅಜ್ಜಿ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಮರುದಿನ ನನ್ನನ್ನು ಕರೆದುಕೊಂಡು ಅಂಕೋಲೆಯ ಬಸ್ಸು ಹತ್ತಿದಳು. ಡಾಕ್ಟರರ ಮೇಜಿನ ಮೇಲೆ ಚೀಟಿಯಿಟ್ಟು, “ನಾ ದಿನಾ ಮೈ ಒರಸ್ತಿದ್ದೆ, ಡಾಕ್ಟ್ರೆ. ಅವ್ರ ಮೈ ಎಲ್ಲಿ ಕೊಳತಿತ್ತು? ಹೇಳಿ,” ಎಂದು ಕೇಳಿದಳು. ಸರದಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನಾನು ನೆಲ ನೋಡಿದೆ.

ಡಾಕ್ಟರರಿಗೆ ನಡೆದದ್ದು ಅರ್ಥವಾಯಿತು. “ಹಾಗಲ್ಲಮ್ಮಾ. ಎಲೆಗೆ, ಹಣ್ಣಿಗೆ ಹೇಳಿದರೆ ಕೊಳೆಯೋದು. ವಯಸ್ಸಾದವರಿಗೆ ಹೇಳಿದರೆ ಶಕ್ತಿ ಸ್ವಲ್ಪ ಸ್ವಲ್ಪವೇ ಕುಂದೋದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ನೀವು ನೋಡಿಕೊಂಡದ್ದರಲ್ಲಿ ಏನೂ ಕೊರತೆಯಿಲ್ಲ.”

“ಹಂಗಾರೆ ಅದ್ನೇ ಕನ್ನಡದಲ್ಲಿ ಬರೀರಿ.”

ಅವರು ಬೇರೆ ಚೀಟಿ ತೆಗೆದು, ‘ವೃದ್ಧಾಪ್ಯದಿಂದ ಶಕ್ತಿ ಕುಂದಿ’ ಎಂದು ಬರೆದುಕೊಟ್ಟರು. ಅಜ್ಜಿ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅಜ್ಜ ಹೋದ ಮೇಲೆ ಮೊದಲ ಸಲ ಅತ್ತಳು. ಸೆರಗಿನಿಂದ ಮುಖ ಮುಚ್ಚಿಕೊಳ್ಳಲೂ ಇಲ್ಲ. ನಾನು ಅವಳ ಕೈ ಹಿಡಿಯಬೇಕಿತ್ತು. ನಾಚಿಕೆಯಿಂದ ಸುಮ್ಮನೆ ಕೂತೆ. ಬೆಳಂಬಾರದಲ್ಲಿ ಅವಳೇ ನನ್ನ ಕೈ ಹಿಡಿದುಕೊಂಡು, “ನಿಧಾನ ಇಳಿ, ಮಗಾ” ಎಂದಳು.