ಬೇವಿನ ಸಸಿ ಕೊಂದವನಿಗೆ ಯಮನೂರಪ್ಪ ಕಾಕಾ ಕೊಡಿಸಿದ ಪತ್ರ

ಯಮನೂರಪ್ಪ ಕಾಕಾ ಸಸಿಗೆ ನೀರು ಹಾಕುವ ಮೊದಲು ಪ್ರತಿ ಚೀಲದ ಮಣ್ಣಿಗೂ ಕಿರುಬೆರಳು ಇಳಿಸಿ ನೋಡುತ್ತಿದ್ದರು. ಎಷ್ಟೋ ಚೀಲಗಳಿಗೆ "ಇವತ್ತ ಬ್ಯಾಡ" ಎಂದು ಮುಂದೆ ಹೋಗುತ್ತಿದ್ದರು. ಮಸ್ಕಿ ಗುಡ್ಡದ ಕೆಳಗಿನ ನರ್ಸರಿಯಲ್ಲಿ ಅವರು ಮಾಲಿ. ನಾನು ಫಿನ್ಲೆಂಡಿನಲ್ಲಿ ಅರಣ್ಯಶಾಸ್ತ್ರದ ಎಂ.ಎಸ್ಸಿ. ಓದಲು ಹೊರಟವನು. ಅರ್ಜಿಗೆ, ನರ್ಸರಿಯಲ್ಲಿ ಮೂರು ತಿಂಗಳು ಕೆಲಸ ಮಾಡಿದ್ದೇನೆ ಎಂಬ ಪತ್ರ ಬೇಕಿತ್ತು. ಕಾಕಾ ಹೂಂ ಅಂದರೆ ಮಾತ್ರ ಅಲ್ಲಿನ ಸಾಹೇಬರು ಸಹಿ ಹಾಕುವವರು.

ನಾನೋ ಕಾಲುವೆ ನೀರಿನ ಊರು ಜವಳಗೇರಾದವನು. ನಮಗೆ ಬೆಳೆ ಅಂದರೆ ನೆಲ್ಲು, ನೆಲ್ಲು ಅಂದರೆ ನಿಂತ ನೀರು. ನನಗೆ ಒಪ್ಪಿಸಿದ ಬೇವಿನ ಸಸಿಗಳ ಸುತ್ತ ಒಡ್ಡು ಕಟ್ಟಿ, ಗದ್ದೆಗೆ ಬಿಟ್ಟಂತೆ ನೀರು ಬಿಟ್ಟೆ. ಕೆಲವೇ ದಿನಗಳಲ್ಲಿ ಅರ್ಧಕ್ಕರ್ಧ ಸತ್ತವು. ಅವನ್ನು ಬಾವಿಯ ಹಿಂದೆ ಎಸೆದು, ಆಡು ತಿಂದವು ಎಂದು ಹೇಳಿದೆ.

ಕಾಕಾ ಹೋಗಿ ಒಂದನ್ನು ಎತ್ತಿ ಮೂಸಿದರು. "ಆಡು ತಿಂದ್ರ ಚಿಗುರು ಹೋಗ್ತದಲೇ, ಬೇರು ಕೊಳೆಯಂಗಿಲ್ಲ. ಕಾಲುವಿ ಮಂದಿಗೆ ನೀರು ಬಿಡೋದು ಗೊತ್ತು, ಬಂದ್ ಮಾಡೋದು ಗೊತ್ತಿಲ್ಲ."

ಅವರ ಮನಸ್ಸು ಕರಗಿಸಲು, ಅರ್ಜಿಗೆಂದು ಬರೆದಿದ್ದ ಪ್ರಬಂಧವನ್ನು ಕನ್ನಡದಲ್ಲಿ ಓದಿ ಹೇಳಿದೆ. ಬಾಲ್ಯದಿಂದಲೂ ಕಾಡಿನ ಮಡಿಲಲ್ಲಿ ಬೆಳೆದೆ ಎಂಬಲ್ಲಿ ತಡೆದರು.

"ಯಾವ ಕಾಡು? ನಿಮ್ಮೂರಾಗ ನೆರಳು ಬೇಕಂದ್ರ ಬಸ್ ಸ್ಟ್ಯಾಂಡಿಗೆ ಹೋಗ್ಬೇಕು. ಖರೇ ಹೇಳು, ಯಾಕ ಹೊಂಟಿ?"

"ಇಲ್ಲಿ ಸೀಟು ಸಿಗಲಿಲ್ರೀ ಕಾಕಾ. ಅಲ್ಲಿ ಫೀಸು ಮಾಫ್ ಮಾಡ್ತಾರ. ಮತ್ತ ಫಾರಿನ್ ಅಂದ್ರ ಊರಾಗ ಕಿಮ್ಮತ್ತು."

ಕಾಕಾ ನಗಲಿಲ್ಲ. "ಇಷ್ಟು ಸಸಿ ಕೊಂದೀನಿ, ಉಳಿಸೋದು ಕಲೀಬೇಕಾಗ್ಯಾದ ಅಂತ ಬರಿ. ಇದಕ್ಕಿಂತ ದೊಡ್ಡ ಕಾರಣ ಯಾವುದೈತಿ?"

ಸಾಹೇಬರ ಪತ್ರದಲ್ಲೂ ಅದನ್ನೇ ಬರೆಸಿದರು: ದಿನಾ ಬಂದಾನ, ಅರ್ಧ ಕೊಂದಾನ, ಉಳಿದರ್ಧ ಕಾಯ್ದಾನ. ನನಗೆ ಜೀವ ಹೋದಷ್ಟು ನಾಚಿಕೆಯಾಯಿತು. ಆದರೆ ಸೀಟು ಸಿಕ್ಕಿತು.

ಫಿನ್ಲೆಂಡಿನ ತರಗತಿಯಲ್ಲಿ ಮೊದಲ ದಿನ ಯಾಕೆ ಬಂದಿರಿ ಎಂದು ಎಲ್ಲರನ್ನೂ ಕೇಳಿದರು. ನೇಪಾಳದ ಹುಡುಗಿ ತನ್ನೂರಿನ ಗುಡ್ಡ ಕುಸಿದದ್ದು ಹೇಳಿದಳು. ಘಾನಾದವನು ಗಣಿಗೆ ಹೋದ ಕಾಡಿನ ಮಾತೆತ್ತಿದ. ನಾನು ಬೇವು ಕೊಂದದ್ದು ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಎರಡು ವರ್ಷ ಓದಿ ಪದವಿ ಹಿಡಿದು ಮಸ್ಕಿಗೆ ಹೋದಾಗ ಕಾಕಾ ತೀರಿಕೊಂಡು ತಿಂಗಳಾಗಿತ್ತು. ಸುದ್ದಿಯೇ ತಲುಪಿರಲಿಲ್ಲ. ಅವರ ಮನೆಯಲ್ಲಿ ಕಾಕಿ ಚಹಾ ಕೊಟ್ಟು, ಅಂಗಳದ ಹಳದಿ ಬಿದ್ದ ನಿಂಬೆ ಗಿಡ ತೋರಿಸಿದರು.

"ದೊಡ್ಡ ಓದು ಓದಿ ಬಂದೀಯಪಾ. ಇದಕ್ಕ ನೀರು ಹಾಕ್ಲೇನು, ಬ್ಯಾಡೇನು?"

ನಾನು ಎಲೆ ತಿರುಗಿಸಿ ನೋಡಿದೆ, ಕಾಂಡ ಕೆರೆದು ನೋಡಿದೆ. ನಿಜಕ್ಕೂ ತಿಳಿಯಲಿಲ್ಲ.

"ತಡೀರಿ ಕಾಕಿ, ಕಾಕಾನ್ನ ಕೇಳಿ ಹೇಳ್ತೀನಿ" ಅಂದುಬಿಟ್ಟೆ.